ಮುರಿದ ಬೋಲ್ಟಿನ ಮುಖ



ಹಾಸನದಿಂದ ಮಂಗಳೂರಿನ ಕಡೆಗೆ ಪ್ರಯಾಣ ಮಾಡಿದವರು ನೀವಾಗಿದ್ದರೆ, ಹೆದ್ದಾರಿಯ ಅಂಚಿನಲ್ಲಿ ಅಲ್ಲಲ್ಲಿ ನಿಂತಿರುವ ಲಾರಿ ಗ್ಯಾರೇಜುಗಳನ್ನು ಖಂಡಿತವಾಗಿಯೂ ಕಂಡಿರುತ್ತೀರಿ. ಎಣ್ಣೆ ಕುಡಿದು ಕಪ್ಪಾದ ನೆಲ, ಬಾನೆಟ್ಟು ತೆರೆದು ನಿಂತ ಲಾರಿ, ಅದರ ಅಡಿಯಲ್ಲಿ ಎರಡು ಕಾಲುಗಳು ಮಾತ್ರ ಕಾಣುವಂತೆ ಮಲಗಿದ ಕೆಲಸಗಾರ. ಬಸ್ಸಿನ ಕಿಟಕಿಯಿಂದ ಇದನ್ನು ಅರೆಗಳಿಗೆ ನೋಡಿ ನಾವು ಮುಂದೆ ಸಾಗಿಬಿಡುತ್ತೇವೆ. ಅಂತಹ ಒಂದು ಗ್ಯಾರೇಜಿನ ಪಕ್ಕದಲ್ಲಿಯೇ ನಾನು ಇಪ್ಪತ್ತೆರಡು ವರ್ಷಗಳ ಕಾಲ ಒಂದು ಸಣ್ಣ ಲೇತ್ ಅಂಗಡಿಯನ್ನು ನಡೆಸಿದೆ. ಎಂಜಿನ್ ಬಿಚ್ಚಿ ಜೋಡಿಸುವುದು ನನ್ನ ವೃತ್ತಿಯಲ್ಲ. ಮೇಸ್ತ್ರಿಗಳ ಕೈಗೆ ಬಗ್ಗದೆ ಉಳಿದದ್ದು ನನ್ನ ಬಳಿಗೆ ಬರುತ್ತಿತ್ತು. ಹಾಗೆ ಬಂದವುಗಳಲ್ಲಿ ಅತಿ ಹೆಚ್ಚಿನವು ಯಾವುವು ಬಲ್ಲಿರಾ? ಒಳಗೇ ಮುರಿದು ಕುಳಿತ ಬೋಲ್ಟುಗಳು.

ಬೋಲ್ಟು ಎಂದರೆ ನಮಗೆ ತೀರ ಅಲ್ಪವಾದ ವಸ್ತು. ಆದರೆ ಅದು ಮಾಡುವ ಕೆಲಸವನ್ನು ಸ್ವಲ್ಪ ಗಮನವಿಟ್ಟು ನೋಡಿ. ಬೋಲ್ಟನ್ನು ಬಿಗಿಮಾಡಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮತ್ತೆ ತನ್ನ ಮೊದಲಿನ ಉದ್ದಕ್ಕೆ ಮರಳಲು ಹವಣಿಸುತ್ತದೆ. ಆ ಹವಣಿಕೆಯೇ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಶಕ್ತಿ. ಅಂದರೆ ಬೋಲ್ಟು ಒಂದು ಗಟ್ಟಿಯಾದ ಸ್ಪ್ರಿಂಗು ಇದ್ದಂತೆ. ನಾವು ಪಾನದ ಮೇಲೆ ಹಾಕುವ ಬಲದಲ್ಲಿ ಸರಿಸುಮಾರು ಅರ್ಧದಷ್ಟು ತಲೆಯ ಕೆಳಗಿನ ತಿಕ್ಕಾಟಕ್ಕೂ, ಶೇಕಡಾ 40ರಷ್ಟು ಥ್ರೆಡ್ಡಿನೊಳಗಿನ ತಿಕ್ಕಾಟಕ್ಕೂ ವ್ಯಯವಾಗಿ ಹೋಗುತ್ತದೆ. ನಿಜವಾದ ಹಿಡಿತಕ್ಕೆ ಉಳಿಯುವುದು ಶೇಕಡಾ 10ರಷ್ಟು ಮಾತ್ರ. ಥ್ರೆಡ್ಡಿನಲ್ಲಿ ತುಕ್ಕು, ಮಣ್ಣು, ಮಸಿ ಸೇರಿದ್ದರೆ ಆ ಸ್ವಲ್ಪವೂ ಕಡಿಮೆಯಾಗುತ್ತದೆ. ಬೋಲ್ಟು ಬಿಗಿಯಾಗಿದೆ ಎಂದು ಕೈ ಹೇಳುತ್ತದೆ, ಒಳಗೆ ಮಾತ್ರ ಅದು ಸಡಿಲವಾಗಿಯೇ ಇರುತ್ತದೆ.

ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂಬ ಅಂಕಿಗಳನ್ನು ಕೆತ್ತಿರುವುದನ್ನು ನೀವು ನೋಡಿರಬಹುದು. ಅದು ಬೆಲೆಯೂ ಅಲ್ಲ, ಅಳತೆಯೂ ಅಲ್ಲ. ಆ ಉಕ್ಕಿನ ತಾಳಿಕೆಯ ಲೆಕ್ಕ. 8.8 ಎಂದರೆ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್‌ಗಳವರೆಗೆ ಎಳೆತವನ್ನು ತಡೆದು ಆನಂತರ ತುಂಡಾಗುವ ಉಕ್ಕು. ಎರಡನೆಯ ಅಂಕಿಯು ಅದರ ಶೇಕಡಾ 80ರಷ್ಟು ಎಳೆತಕ್ಕೆ, ಅಂದರೆ 640ಕ್ಕೆ, ಬೋಲ್ಟು ಶಾಶ್ವತವಾಗಿ ಹಿಗ್ಗತೊಡಗುತ್ತದೆ ಎಂದು ತಿಳಿಸುತ್ತದೆ. ಆ ಗೆರೆಯನ್ನು ದಾಟಿ ಹಿಗ್ಗಿದ್ದು ಮರಳಿ ಕುಗ್ಗುವುದಿಲ್ಲ. ತಾಳಿಕೆಗೂ ಒಂದು ಮಿತಿಯಿದೆ ಎಂಬುದನ್ನು ತನ್ನ ತಲೆಯ ಮೇಲೆಯೇ ಬರೆದುಕೊಂಡಿರುವ ವಸ್ತು ಇದು. ಮನುಷ್ಯರಾದ ನಮಗೆ ಅಂತಹ ಬರಹವಿಲ್ಲ.

ಹಾಗಾದರೆ ಅದು ಮುರಿಯುವುದೇಕೆ? ಸಕಲೇಶಪುರದ ಆಚೆ ಸುಮಾರು 26 ಕಿಲೋಮೀಟರ್ ಉದ್ದದ ಶಿರಾಡಿ ಘಾಟಿಯನ್ನು ನೆನಪಿಸಿಕೊಳ್ಳಿ. ಈಗ 75ನೆಯ ಸಂಖ್ಯೆಯ ಈ ರಾಷ್ಟ್ರೀಯ ಹೆದ್ದಾರಿಗೆ ಹಿಂದೆ 48 ಎಂಬ ಸಂಖ್ಯೆಯಿತ್ತು. ಸಂಖ್ಯೆ ಬದಲಾದರೂ ಏರು ಬದಲಾಗಲಿಲ್ಲ. ಮಂಗಳೂರು ಬಂದರಿನಿಂದ ಭಾರ ಹೊತ್ತ ಲಾರಿಗಳು ಕೆಳಗಿನ ಗೇರುಗಳಲ್ಲಿ ನರಳುತ್ತ ಈ ಘಾಟಿಯನ್ನು ಹತ್ತುತ್ತವೆ. ಆಗ ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೊಯ್ಯುವ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ನೂರಾರು ಡಿಗ್ರಿ ಶಾಖಕ್ಕೆ ಕಾಯುತ್ತದೆ. ಮೀಟರ್ ಉದ್ದದ ಎರಕದ ಕಬ್ಬಿಣ 400 ಡಿಗ್ರಿಯಷ್ಟು ಕಾದರೆ ಸುಮಾರು 4 ಮಿಲಿಮೀಟರ್ ಬೆಳೆಯುತ್ತದೆ. ಅದನ್ನು ಹಿಡಿದುಕೊಂಡಿರುವ ಹೆಡ್ಡಿನೊಳಗೆ ನೀರು ಹರಿಯುವುದರಿಂದ ಹೆಡ್ಡು ಅಷ್ಟು ಕಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ. ಬೆಳೆಯುವವನಿಗೂ ಬೆಳೆಯದವನಿಗೂ ನಡುವೆ ಸಿಕ್ಕಿಕೊಳ್ಳುವುದು ಬೋಲ್ಟು. ಉದ್ದವಾದ ಮ್ಯಾನಿಫೋಲ್ಡುಗಳನ್ನು ಎರಡು ಮೂರು ತುಂಡುಗಳಾಗಿ ಮಾಡಿ, ಒಂದರೊಳಗೊಂದು ಜಾರುವಂತೆ ಕೂಡಿಸುವುದು ಈ ಕಾರಣಕ್ಕಾಗಿಯೇ. ಆ ಜಾರುವ ಸಂದು ತುಕ್ಕು, ಮಸಿಗಳಿಂದ ಹಿಡಿದುಕೊಂಡರೆ ನಡುವಿನ ಬೋಲ್ಟುಗಳಿಗಿಂತ ಎರಡು ತುದಿಗಳ ಬೋಲ್ಟುಗಳು ಹೆಚ್ಚು ಬಾಗುತ್ತವೆ, ಮತ್ತೆ ನೆಟ್ಟಗಾಗುತ್ತವೆ. ಪ್ರತಿ ಏರಿಗೂ ಒಮ್ಮೆ ಹೀಗೆಯೇ.

ಇದರ ಮೇಲೆ ಮಲೆನಾಡಿನ ಮಳೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಥ್ರೆಡ್ಡಿನ ಇಕ್ಕಟ್ಟಿನಲ್ಲಿ ಅದಕ್ಕೆ ಜಾಗವೆಲ್ಲಿ? ಆದುದರಿಂದ ಅದು ಬೋಲ್ಟನ್ನೂ ರಂಧ್ರವನ್ನೂ ಒಂದಕ್ಕೊಂದು ಅದುಮಿ ಬೆಸೆದುಬಿಡುತ್ತದೆ.

ಇನ್ನೊಂದು ಕಾರಣ ಮನುಷ್ಯನ ಅವಸರ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 55 ಡಿಗ್ರಿ ಕೋನದ ಥ್ರೆಡ್ಡನ್ನು ಎಲ್ಲರೂ ಬಳಸಬೇಕೆಂದು ಸೂಚಿಸಿದರು. ಅದಕ್ಕೂ ಮೊದಲು ಒಂದೊಂದು ಕಾರ್ಖಾನೆಯ ಬೋಲ್ಟು ಒಂದೊಂದು ಬಗೆಯದಾಗಿತ್ತು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯದನ್ನು ಮುಂದಿಟ್ಟರು. ಇಂದಿನ ಮೆಟ್ರಿಕ್ ಥ್ರೆಡ್ಡಿನ ಕೋನವೂ 60 ಡಿಗ್ರಿಯೇ. ನಮ್ಮ ದೇಶದ ಹಳೆಯ ಲಾರಿಗಳಲ್ಲಿ ಇಂಗ್ಲಿಷ್ ಇಂಚಿನ ಅಳತೆಯವೂ ಇದ್ದವು, 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಝ್ ಸಹಯೋಗದಲ್ಲಿ ತಯಾರಿಸತೊಡಗಿದ ಮೆಟ್ರಿಕ್ ಅಳತೆಯವೂ ಇದ್ದವು. ಮೂರು ಬೈ ಎಂಟು ಇಂಚಿನ ಬೋಲ್ಟಿನ ದಪ್ಪ 9.5 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಅದು 10 ಮಿಲಿಮೀಟರಿನ ರಂಧ್ರದಲ್ಲಿ ಒಂದೆರಡು ಸುತ್ತು ಹೋಗುತ್ತದೆ. ಅನಂತರ ಹಟ ಹಿಡಿಯುತ್ತದೆ. ಆಗ ಉದ್ದದ ಪೈಪು ಸಿಕ್ಕಿಸಿ ಒತ್ತಿದರೆ ಬೋಲ್ಟಿಗೋ ರಂಧ್ರಕ್ಕೋ ಅಲ್ಲಿಗೆ ಕಥೆ ಮುಗಿಯಿತು. ಕೈಬೆರಳಿನಿಂದ ಸಲೀಸಾಗಿ ನಾಲ್ಕು ಸುತ್ತು ಹೋಗದ ಬೋಲ್ಟಿಗೆ ಪಾನ ಹಾಕಬಾರದು ಎಂಬುದು ಒಳ್ಳೆಯ ಮೇಸ್ತ್ರಿಗಳ ಮೊದಲ ಪಾಠ.

ಓದುಗರೇ, ಇಷ್ಟೆಲ್ಲ ವಿವರವನ್ನು ಹೇಳಿದ್ದು ಒಂದು ಘಟನೆಯನ್ನು ನಿಮ್ಮ ಮುಂದಿಡುವುದಕ್ಕಾಗಿ. 2011ರ ಜುಲೈ ತಿಂಗಳು. ಬಿಟ್ಟೂಬಿಡದ ಮಳೆ. ರಸಗೊಬ್ಬರದ ಲೋಡು ಹೊತ್ತ ಲಾರಿಯೊಂದು ಘಾಟಿ ಹತ್ತಿ ಬಂದು ಪಕ್ಕದ ಗ್ಯಾರೇಜಿನಲ್ಲಿ ನಿಂತಿತು. ಮ್ಯಾನಿಫೋಲ್ಡಿನ ಹಿಂತುದಿಯಿಂದ ಹೊಗೆ ಸೋರುತ್ತಿತ್ತು, ಏರಿನಲ್ಲಿ ಎಳೆತ ಬಿದ್ದುಹೋಗಿತ್ತು. ಲಾರಿಯ ಯಜಮಾನನೇ ಅದರ ಚಾಲಕ. ಇದ್ದ ಒಂದೇ ಲಾರಿ, ಅದೂ ಸಾಲದ್ದು. ಕಂತಿನ ದಿನ ಹತ್ತಿರವಾಗಿತ್ತು. ಎರಡು ಬೋಲ್ಟುಗಳು ಮೊದಲೇ ಮುರಿದಿದ್ದವು. ಅವುಗಳಲ್ಲೊಂದನ್ನು ಎಲ್ಲಿಯೋ ಯಾರೋ ತೆಗೆಯಲು ಹೋಗಿ, ನಡುವನ್ನು ಬಿಟ್ಟು ಓರೆಯಾಗಿ ಕೊರೆದು ಕೈಬಿಟ್ಟಿದ್ದರು. ಉಳಿದ ಬೋಲ್ಟುಗಳನ್ನು ಬಿಚ್ಚುವ ಕೆಲಸವನ್ನು ಮೇಸ್ತ್ರಿಯವರು ಗ್ಯಾರೇಜಿನ ಹುಡುಗನಿಗೆ ವಹಿಸಿದ್ದರು.

ಆ ಹುಡುಗನಿಗೆ ಹದಿನೇಳು ವರ್ಷ. ತಂದೆ ತೀರಿಕೊಂಡ ಮೇಲೆ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವನು. ತಂಗಿಯ ಓದು ಇವನ ವಾರದ ಕೂಲಿಯಿಂದ ನಡೆಯುತ್ತಿತ್ತು. ಇದಕ್ಕೆ ಹಿಂದೆ ಬೇರೊಂದು ಊರಿನ ಗ್ಯಾರೇಜಿನಲ್ಲಿ ಸ್ಟಡ್ ಒಂದು ಮುರಿಯಿತೆಂದು ಅವನಿಗೆ ಹೊಡೆದು, ಬಾಕಿ ಕೂಲಿಯನ್ನೂ ಕೊಡದೆ ಹೊರಗಟ್ಟಿದ್ದರು.

ಸಂಜೆ ಐದರ ಸುಮಾರಿಗೆ ಅವನು ನನ್ನ ಅಂಗಡಿಗೆ ಬಂದ. "ಅಣ್ಣಾ, ಸಿಲಿಕಾನ್ ಪೇಸ್ಟು ಒಂದ್ಚೂರು ಐತಾ?" ಎಂದ. ಒಂದು ಕೈ ಪ್ಯಾಂಟಿನ ಜೇಬಿನಲ್ಲಿಯೇ ಇತ್ತು. ಬೆಂಕಿಯಂತೆ ಕಾಯುವ ಮ್ಯಾನಿಫೋಲ್ಡಿನ ಕೆಲಸಕ್ಕೆ ಪೇಸ್ಟು ಏಕೆ ಎಂದು ನನಗೆ ಅನುಮಾನವಾಯಿತು. "ಜೇಬಲ್ಲೇನಪ್ಪಾ?" ಎಂದು ಕೇಳಿದೆ. ಅವನು ಮಾತನಾಡದೆ ಕೈ ತೆಗೆದು ಬಿಚ್ಚಿದ. ಅಂಗೈಯಲ್ಲಿ ಬೋಲ್ಟಿನ ತಲೆಯೊಂದಿತ್ತು. ಮೂರನೆಯದೂ ಮುರಿದಿತ್ತು. ಅದನ್ನು ಪೇಸ್ಟು ಹಚ್ಚಿ ಇದ್ದಲ್ಲಿಯೇ ಅಂಟಿಸಿ, ಎಲ್ಲವೂ ಸರಿಯಿದೆ ಎಂಬಂತೆ ತೋರಿಸುವುದು ಅವನ ಎಣಿಕೆ.

ಹಾಗೆ ಮಾಡಿದ್ದರೆ ಏನಾಗುತ್ತಿತ್ತು? ಕಾದ ಹೊಗೆ ಆ ಸಂದಿನಿಂದ ನುಗ್ಗಿ ಹೆಡ್ಡಿನ ಸಪಾಟು ಮುಖವನ್ನು ದಿನದಿನವೂ ಕೊರೆಯುತ್ತಿತ್ತು. ಮುರಿದದ್ದರ ಭಾರ ಪಕ್ಕದ ಬೋಲ್ಟಿನ ಮೇಲೆ ಬಿದ್ದು ಅದೂ ಮುರಿಯುತ್ತಿತ್ತು. ಮಳೆಯ ರಾತ್ರಿಯಲ್ಲಿ, ಘಾಟಿಯ ಯಾವುದೋ ತಿರುವಿನಲ್ಲಿ ಲಾರಿ ಎಳೆತವಿಲ್ಲದೆ ನಿಲ್ಲುತ್ತಿತ್ತು. ಕೊನೆಗೆ ಬೋಲ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಹೆಡ್ಡಿನ ಖರ್ಚಾಗಿ ಆ ಯಜಮಾನನ ಹೆಗಲೇರುತ್ತಿತ್ತು.

ನಾನು ಆ ತುಂಡನ್ನು ಬೆಳಕಿಗೆ ಹಿಡಿದೆ. ಮುರಿದ ಲೋಹಕ್ಕೆ ಒಂದು ಮುಖವಿದೆ, ಅದಕ್ಕೆ ಸುಳ್ಳು ಹೇಳಲು ಬಾರದು. ಒಂದೇ ಏಟಿಗೆ, ಒಂದೇ ಎಳೆತಕ್ಕೆ ಮುರಿದದ್ದಾದರೆ ಮುಖವೆಲ್ಲ ಹೊಸದಾಗಿ, ಒಂದೇ ಬಣ್ಣವಾಗಿರುತ್ತದೆ. ಬಾಗಿ ಬಾಗಿ ದಣಿದು ಮುರಿದದ್ದಾದರೆ ಹಾಗಲ್ಲ. ಅಂಚಿನ ಒಂದು ಚುಕ್ಕೆಯಲ್ಲಿ ಬಿರುಕು ಹುಟ್ಟಿ, ತಿಂಗಳುಗಟ್ಟಲೆ ಒಳಕ್ಕೆ ಸರಿದಿರುತ್ತದೆ. ಸಮುದ್ರದ ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಗೆರೆಗಳಂತಹ ಗೆರೆಗಳು ಅಲ್ಲಿ ಕಾಣಸಿಗುತ್ತವೆ. ಆ ಭಾಗ ನುಣುಪಾಗಿ, ತುಕ್ಕು ಹಿಡಿದು ಕಪ್ಪಾಗಿರುತ್ತದೆ. ಕೊನೆಯ ಗಳಿಗೆಯಲ್ಲಿ ಹರಿದ ಭಾಗ ಮಾತ್ರ ಒರಟಾಗಿ, ಹೊಸದಾಗಿ ಹೊಳೆಯುತ್ತದೆ. ಆ ಹುಡುಗನ ಅಂಗೈಯಲ್ಲಿದ್ದ ತುಂಡಿನ ಮುಕ್ಕಾಲು ಪಾಲು ಕಪ್ಪಾಗಿತ್ತು. ಹೊಳೆಯುತ್ತಿದ್ದದ್ದು ಬಿದಿಗೆಯ ಚಂದ್ರನಷ್ಟು.

"ಬಾ, ಮೇಸ್ತ್ರಿಗೆ ತೋರಿಸೋಣ. ನಾನೂ ಬರ್ತೀನಿ" ಎಂದೆ. ಅವನು ಒಂದು ಹೆಜ್ಜೆ ಹಿಂದಕ್ಕೆ ಸರಿದ. ಓಡಿಹೋಗುತ್ತಾನೆಂದೇ ಎಣಿಸಿದೆ. ಓಡಲಿಲ್ಲ. ಮಳೆಯಲ್ಲಿ ನೆನೆಯುತ್ತಲೇ ನನ್ನ ಹಿಂದೆ ಬಂದ.

ವಿಷಯ ತಿಳಿದೊಡನೆ ಲಾರಿಯ ಯಜಮಾನ ಸಿಟ್ಟಿನಿಂದ ಕೂಗಾಡಿದ. ಅವನನ್ನು ದೂರುವುದು ನ್ಯಾಯವಲ್ಲ. ಸಾಲದ ಕಂತಿನ ಭಯ ಹೊತ್ತವನ ಬಾಯಲ್ಲಿ ಮೃದುವಾದ ಮಾತು ಎಲ್ಲಿಂದ ಬರಬೇಕು? ಮೇಸ್ತ್ರಿಯವರು ಅವನ ಮಾತು ಮುಗಿಯುವವರೆಗೆ ಸುಮ್ಮನಿದ್ದರು. ಅನಂತರ ಹುಡುಗನ ಕಡೆಗೆ ಕೈ ಚಾಚಿ, "ತುಂಡು ಕೊಡು ಮಗಾ" ಎಂದರು. ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಟಾರ್ಚಿನ ಬೆಳಕಿನಲ್ಲಿ ಯಜಮಾನನ ಮುಂದೆ ಹಿಡಿದರು.

"ಇಲ್ ನೋಡಿ ಯಜಮಾನ್ರೇ. ಈ ಹೊಳೆಯೋ ಅಷ್ಟನ್ನ ಮಾತ್ರ ಈ ಹುಡುಗ ಮುರಿದಿರೋದು. ಈ ಕಪ್ಪಗಿರೋದನ್ನೆಲ್ಲ ಘಾಟಿ ಮುರಿದೈತೆ."

ಯಜಮಾನ ಬಹಳ ಹೊತ್ತು ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ, "ಎಷ್ಟೊತ್ತಾಗುತ್ತೆ ಮೇಸ್ತ್ರಿ?" ಎಂದು ಮಾತ್ರ ಕೇಳಿದ. ಮೇಸ್ತ್ರಿಯವರು ಹುಡುಗನಿಗೆ, "ಹೇಳಿದೆಯಲ್ಲ, ಸಾಕು. ಟೀ ಕುಡಿದು ಬಾ, ರಾತ್ರಿ ಕೆಲಸ ಐತೆ" ಎಂದರು.

ಮುರಿದ ಬೋಲ್ಟನ್ನು ತೆಗೆಯುವ ಕೆಲಸದಲ್ಲಿ ಬಲಕ್ಕಿಂತ ಸಹನೆ ಹೆಚ್ಚು ಬೇಕು. ಮೊದಲು ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಎಣ್ಣೆ ಥ್ರೆಡ್ಡಿನೊಳಗೆ ಇಳಿಯಲು ಗಂಟೆಗಟ್ಟಲೆ ಬಿಡಬೇಕು. ಮೊದಲನೆಯ ತುಂಡು ಹೆಡ್ಡಿನಿಂದ ಸ್ವಲ್ಪ ಹೊರಗಿತ್ತು. ಅದರ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನ ಮೂಲಕ ಎರಡನ್ನೂ ವೆಲ್ಡ್ ಮಾಡಿದರು. ವೆಲ್ಡಿಂಗಿನ ಶಾಖಕ್ಕೆ ತುಂಡು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಆ ಹಿಗ್ಗು ಕುಗ್ಗಿನಲ್ಲಿ ತುಕ್ಕಿನ ಬೆಸುಗೆ ಒಡೆಯುತ್ತದೆ. ಎರಡು ಸಲ ನಟ್ಟು ಕಿತ್ತುಬಂತು. ಮೂರನೆಯ ಸಲ ಕಿರ್ರೆಂದು ಸದ್ದು ಮಾಡಿ ತುಂಡು ತಿರುಗಿತು. ಒಮ್ಮೆಲೇ ಬಿಚ್ಚಲಿಲ್ಲ, ಕಾಲು ಸುತ್ತು ಮುಂದೆ, ಅಷ್ಟೇ ಹಿಂದೆ, ಮತ್ತೆ ಎಣ್ಣೆ.

ಹುಡುಗನ ಕೈಯಲ್ಲಿ ಮುರಿದದ್ದು ರಂಧ್ರದ ಒಳಗೇ ಕುಳಿತಿತ್ತು. ಇಂತಹ ಕಡೆ ಕೈಯಂದಾಜಿನಲ್ಲಿ ಕೊರೆದರೆ ಡ್ರಿಲ್ಲು ಗಟ್ಟಿಯಾದ ಬೋಲ್ಟನ್ನು ಬಿಟ್ಟು ಮೆತ್ತನೆಯ ಎರಕದ ಕಬ್ಬಿಣದ ಕಡೆಗೆ ಜಾರುತ್ತದೆ. ಆದುದರಿಂದ ನಾನು ಲೇತಿನಲ್ಲಿ ಒಂದು ಉಕ್ಕಿನ ಬುಷ್ ತಿರುಗಿಸಿ, ದಪ್ಪ ಪಟ್ಟಿಯೊಂದಕ್ಕೆ ಕೂರಿಸಿ, ಪಕ್ಕದ ಎರಡು ರಂಧ್ರಗಳ ಆಧಾರದಲ್ಲಿ ಅದನ್ನು ಬಿಗಿಮಾಡಿದೆ. ಈಗ ಡ್ರಿಲ್ಲು ನಟ್ಟನಡುವೆಯೇ ಇಳಿಯಬೇಕು. ಎಡಕ್ಕೆ ತಿರುಗಿ ಕೊರೆಯುವ ಡ್ರಿಲ್ಲುಗಳು ಸಿಗುತ್ತವೆ; ಅವು ಬೋಲ್ಟು ಬಿಚ್ಚುವ ದಿಕ್ಕಿನಲ್ಲಿಯೇ ಕೊರೆಯುತ್ತವೆ. ತಲೆ ಹೋದ ಬೋಲ್ಟಿನಲ್ಲಿ ಎಳೆತ ಉಳಿದಿರುವುದಿಲ್ಲ, ತುಕ್ಕಿನ ಹಿಡಿತ ಮಾತ್ರ ಇರುತ್ತದೆ. ಅರ್ಧ ಕೊರೆಯುವಷ್ಟರಲ್ಲಿ ಆ ತುಂಡು ತಾನಾಗಿಯೇ ತಿರುಗಿ ಹೊರಗೆ ಬಂತು. ಹುಡುಗ ಮೊದಲ ಬಾರಿಗೆ ನಕ್ಕ.

ಓರೆಯಾಗಿ ಕೊರೆದಿದ್ದ ಮೂರನೆಯದು ಬೆಳಗಿನ ಜಾವದವರೆಗೂ ಸತಾಯಿಸಿತು. ಅದರಲ್ಲಿ ಈಜಿ ಔಟ್ ಎಂಬ ಸಾಧನವನ್ನು ಹಾಕಿ ತಿರುಗಿಸೋಣವೆಂದು ಯಜಮಾನ ಹೇಳಿದ. ಮೇಸ್ತ್ರಿಯವರು ಒಪ್ಪಲಿಲ್ಲ. ಅದು ಬಹಳ ಗಡುಸಾದ ಉಕ್ಕು, ಅಷ್ಟೇ ಪೆಡಸು. ಒಳಗೆ ಅದು ಮುರಿದರೆ ಸಾಧಾರಣ ಡ್ರಿಲ್ಲಿಗೆ ಬಗ್ಗುವುದಿಲ್ಲ. ಕೊನೆಗೆ ರಂಧ್ರವನ್ನು ನೇರಮಾಡಿ ದೊಡ್ಡದಾಗಿ ಕೊರೆದು, ಹೊಸ ಥ್ರೆಡ್ ಹಾಕಿ, ಹೆಲಿಕಾಯಿಲ್ ಎಂಬ ಉಕ್ಕಿನ ತಂತಿಯ ಸುರುಳಿಯನ್ನು ಕೂರಿಸಿದೆವು. ಅದರೊಳಗೆ ಮೊದಲಿನ ಅಳತೆಯ ಬೋಲ್ಟೇ ಕುಳಿತುಕೊಳ್ಳುತ್ತದೆ. ಹೀಗೆ ಸರಿಪಡಿಸಿದ ಥ್ರೆಡ್ಡು ಎಷ್ಟೋ ವೇಳೆ ಮೂಲದಷ್ಟೇ ಗಟ್ಟಿಯಾಗಿರುತ್ತದೆ.

ಆದರೆ ಎಲ್ಲವನ್ನೂ ಸರಿಪಡಿಸಬಹುದೆಂದು ನಾನು ನಿಮಗೆ ಹೇಳಲಾರೆ. ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. ಕನೆಕ್ಟಿಂಗ್ ರಾಡಿನ ಹಿಗ್ಗಿದ ಬೋಲ್ಟನ್ನು, ಬಿರುಕು ಬಿಟ್ಟ ಸ್ಟೇರಿಂಗಿನ ಭಾಗವನ್ನು, ಬ್ರೇಕಿನ ಸವೆದ ಸ್ಟಡ್ಡನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ. ಮಿತಿಯವರೆಗೆ ಹಿಗ್ಗಿಸಿ ಬಿಗಿಮಾಡುವ ಹೆಡ್ ಬೋಲ್ಟುಗಳನ್ನು ಎರಡನೆಯ ಸಲ ಬಳಸಲೇಬಾರದು. ಹೊಸ ಬೋಲ್ಟಿನ ಪಕ್ಕದಲ್ಲಿ ಹಳೆಯದನ್ನು ನಿಲ್ಲಿಸಿ ನೋಡಿದರೆ ಸಾಕು. ಉದ್ದವಾಗಿದ್ದರೆ, ನಡು ಸಣ್ಣಗಾಗಿದ್ದರೆ, ಅದರ ದುಡಿಮೆ ಮುಗಿಯಿತೆಂದು ತಿಳಿಯಬೇಕು. ಅದನ್ನು ಕೃತಜ್ಞತೆಯಿಂದ ಬದಿಗಿಡುವುದೇ ಸರಿ. ಮುರಿದ ತುಂಡುಗಳನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು ಎಣಿಸದೆ ಎಂಜಿನ್ನನ್ನು ಮುಚ್ಚಬಾರದು ಎಂಬುದೂ ಮೇಸ್ತ್ರಿಯವರ ನಿಯಮವಾಗಿತ್ತು. ಎಣಿಕೆಗೆ ಸಿಗದ ಒಂದು ಚೂರು ಒಳಗೆ ಉಳಿದರೆ, ಇಡೀ ಎಂಜಿನ್ನಿಗೆ ಅದು ಮೃತ್ಯುವಾಗಬಹುದು.

ಮರಳಿ ಜೋಡಿಸುವಾಗಲೂ ಒಂದು ಕ್ರಮವಿದೆ. ರಂಧ್ರಗಳನ್ನು ಗಾಳಿಯಿಂದ ಊದಿ ಒಣಗಿಸಬೇಕು. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟು ಇಳಿದಂತೆ ಅದಕ್ಕೆ ಹೋಗಲು ದಾರಿಯಿಲ್ಲ, ಕುಗ್ಗಲು ಬರುವುದಿಲ್ಲ, ಎರಕವೇ ಸೀಳಿಹೋಗುತ್ತದೆ. ನಡುವಿನ ಬೋಲ್ಟಿನಿಂದ ತೊಡಗಿ ಎರಡು ಕಡೆಗೂ ಸಾಗುತ್ತ, ಮೂರು ಸುತ್ತುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಬೇಕು. ಒಂದನ್ನೇ ಪೂರ್ತಿ ಬಿಗಿಮಾಡಿ ಮುಂದಕ್ಕೆ ಹೋದರೆ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. ಮರುದಿನ ಬೆಳಿಗ್ಗೆ ಆ ಕೊನೆಯ ಸುತ್ತನ್ನು ಮಾಡಿದವನು ಅದೇ ಹುಡುಗ. ಟಾರ್ಕ್ ರೆಂಚನ್ನು ಮೇಸ್ತ್ರಿಯವರು ತಾವಾಗಿಯೇ ಅವನ ಕೈಗೆ ಕೊಟ್ಟರು. ಲಾರಿ ಹನ್ನೊಂದು ಗಂಟೆಗೆ ಹೊರಟಿತು. ಹುಡುಗ ಮುಂದೆ ನಾಲ್ಕು ವರ್ಷ ಅಲ್ಲಿಯೇ ಉಳಿದು ಕೆಲಸ ಕಲಿತ.

ಓದುಗರೇ, ನಮ್ಮ ಮನೆಗಳಲ್ಲಿಯೂ ಮುರಿಯುವುದು ಇದ್ದೇ ಇದೆ. ಒಂದು ಪಿಂಗಾಣಿ ತಟ್ಟೆಯಿಂದ ಮೊದಲ್ಗೊಂಡು ಕೊಟ್ಟ ಮಾತಿನವರೆಗೆ, ಮಗನ ಪರೀಕ್ಷೆಯಿಂದ ಮೊದಲ್ಗೊಂಡು ಅಣ್ಣತಮ್ಮಂದಿರ ಹೊಂದಾಣಿಕೆಯವರೆಗೆ. ಆಗೆಲ್ಲ ನಾವು ಮೊದಲು ಕೇಳುವುದು "ಯಾರು ಮುರಿದದ್ದು?" ಎಂದು. ಕೊನೆಗೆ ಮುಟ್ಟಿದವನ ಹೆಸರು ಸಿಕ್ಕೊಡನೆ ನಮ್ಮ ವಿಚಾರಣೆ ಮುಗಿದುಹೋಗುತ್ತದೆ. ಆದರೆ ಆ ಬಿರುಕು ಎಂದು ಹುಟ್ಟಿತು, ಎಷ್ಟು ಏರುಗಳನ್ನು ಅದು ಮೌನವಾಗಿ ಹತ್ತಿತು, ನಾವು ಅದರ ಮೇಲೆ ಎಷ್ಟು ಭಾರ ಹೇರಿದೆವು ಎಂಬುದನ್ನು ಕೇಳುವವರು ವಿರಳ. ಅದಕ್ಕಿಂತ ಹೆಚ್ಚಿನ ಮಾತೊಂದಿದೆ: ಮುರಿದದ್ದನ್ನು ನಮ್ಮ ಬಳಿಗೆ ತಂದು ತೋರಿಸುವ ಧೈರ್ಯ ನಮ್ಮ ಮಕ್ಕಳಿಗೆ ಇದೆಯೇ? ನಮ್ಮ ಕೈಕೆಳಗೆ ದುಡಿಯುವವರಿಗೆ ಇದೆಯೇ? ಅಥವಾ ಅವರು ಎಲ್ಲೋ ಪೇಸ್ಟು ಹುಡುಕುತ್ತಿದ್ದಾರೆಯೇ?

ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮನೆಯವರ ಮುಖಗಳನ್ನು ಒಮ್ಮೆ ನಿಧಾನವಾಗಿ ನೋಡಿ. ಯಾರಾದರೊಬ್ಬರು ಮಾತು ಕಡಿಮೆ ಮಾಡಿದ್ದರೆ, ಒಂದು ಕೈಯನ್ನು ಜೇಬಿನಲ್ಲಿಯೇ ಇಟ್ಟುಕೊಂಡಿದ್ದರೆ, ಏನಾಯಿತೆಂದು ಮೆಲ್ಲಗೆ ಕೇಳಿ. ಉತ್ತರ ಬರುವವರೆಗೆ ಸಿಟ್ಟನ್ನು ಬದಿಗಿಡಿ. ಸರಿಪಡಿಸುವ ಕೆಲಸ ಅನಂತರದ್ದು. ಅದಕ್ಕೆ ರಾತ್ರಿಯಿಡೀ ಸಮಯವಿದೆ.